ಕೊಡಗಿನಲ್ಲಿ ಕೆಲಸ ಖಾಲಿ ಇರುವ ಸುದ್ದಿ ಮೊದಲು ಯಾರ ಕಿವಿಗೆ ಬೀಳುತ್ತದೆ

ಜಾಬ್ ಪೋರ್ಟಲ್‌ನಲ್ಲಿ ಊರಿನ ಜಾಗಕ್ಕೆ ‘ಮಡಿಕೇರಿ’ ಎಂದು ಹಾಕಿ ಹುಡುಕಿದರೆ ಬರುವುದು ಹೆಚ್ಚಾಗಿ ದೊಡ್ಡ ರೆಸಾರ್ಟುಗಳ ಕೆಲಸ, ವಿಮೆ ಮತ್ತು ಫೈನಾನ್ಸ್ ಕಂಪನಿಗಳ ಸೇಲ್ಸ್ ಕೆಲಸ, ಜೊತೆಗೆ ಯಾವಾಗಲೋ ಭರ್ತಿಯಾಗಿ ಇನ್ನೂ ತೆಗೆಯದೆ ಬಿಟ್ಟ ಜಾಹೀರಾತುಗಳು. ಅದನ್ನಷ್ಟೇ ನೋಡಿ ‘ಇಲ್ಲಿ ಏನೂ ಇಲ್ಲ’ ಎಂದು ತೀರ್ಮಾನಿಸಿಬಿಡುವ ಹುಡುಗ ಹುಡುಗಿಯರು ಬಹಳ ಮಂದಿ. ಅದೇ ವಾರ ಸಿದ್ದಾಪುರದ ಕಡೆ ಒಂದು ತೋಟಕ್ಕೆ ರೈಟರ್ (ಆಳು, ಕೂಲಿಯ ಲೆಕ್ಕ ಬರೆಯುವವರು) ಬೇಕಾಗಿರುತ್ತಾರೆ, ಗೋಣಿಕೊಪ್ಪದಲ್ಲಿ ಕಾಫಿ ವ್ಯಾಪಾರಿಯೊಬ್ಬರಿಗೆ ಲೆಕ್ಕ ಬರೆಯುವವರು ಬೇಕಾಗಿರುತ್ತಾರೆ, ಕುಶಾಲನಗರದ ಒಂದು ಶಾಲೆಗೆ ಗಣಿತದ ಟೀಚರ್ ಬೇಕಾಗಿರುತ್ತಾರೆ. ಇಂಥವು ಪೋರ್ಟಲಿಗೆ ಬರುವುದೇ ಅಪರೂಪ.

ಕಾರಣ ಸರಳ. ಐವತ್ತು ಎಕರೆ ತೋಟದ ಸಾಹುಕಾರರಿಗೆ ಎಚ್‌ಆರ್ ವಿಭಾಗ ಅಂತ ಇರುವುದಿಲ್ಲ. ರೈಟರ್ ಬಿಟ್ಟು ಹೋದರೆ ಮೊದಲು ಪಕ್ಕದ ತೋಟದವರಿಗೆ ಹೇಳುತ್ತಾರೆ, ಆಮೇಲೆ ಆಡಿಟರಿಗೆ, ಆಮೇಲೆ ಗೊಬ್ಬರದ ಅಂಗಡಿಯಲ್ಲಿ. ಅಷ್ಟು ಹೊತ್ತಿಗೆ ಯಾರಾದರೂ ಸಿಕ್ಕಿರುತ್ತಾರೆ. ಕೂಲಿ ಹಣ ಮತ್ತು ಕಾಫಿ ಗೋದಾಮಿನ ಕೀಲಿ ಎರಡನ್ನೂ ಕೈಗೆ ಕೊಡುವ ಕೆಲಸ ಅದು. ಗೊತ್ತಿರುವವರ ಬಾಯಿಂದ ಬಂದ ಹೆಸರಿಗೆ ಅಲ್ಲಿ ಇರುವ ಬೆಲೆ ಅಪ್‌ಲೋಡ್ ಮಾಡಿದ ಬಯೋಡೇಟಾಕ್ಕೆ ಇರುವುದಿಲ್ಲ. ಆದ್ದರಿಂದ ಈ ಜಿಲ್ಲೆಯಲ್ಲಿ ಕೆಲಸ ಹುಡುಕುವುದು ಅಂದರೆ, ಸುದ್ದಿ ಯಾರ ಕಿವಿಗೆ ಮೊದಲು ಬೀಳುತ್ತದೋ ಅವರ ಬಾಯಲ್ಲಿ ನಿಮ್ಮ ಹೆಸರು ಇರುವ ಹಾಗೆ ನೋಡಿಕೊಳ್ಳುವುದು. ಇದು ಶಿಫಾರಸು ಹಿಡಿಯುವುದಲ್ಲ, ವಶೀಲಿಯೂ ಅಲ್ಲ. ದೊಡ್ಡ ಮನೆತನ, ದೊಡ್ಡ ಪರಿಚಯ ಇಲ್ಲದವರೂ ಕ್ರಮವಾಗಿ ಮಾಡಬಹುದಾದ ಕೆಲಸ.

ಹತ್ತು ಕಡೆ ಹೋಗಿಬರುವವರು

ಕೆಲಸ ಹುಡುಕಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ತೀರಾ ಹತ್ತಿರದವರನ್ನು: ಚಿಕ್ಕಪ್ಪ, ಭಾವ, ಕ್ಲಾಸ್‌ಮೇಟ್. ಅವರಿಗೆ ಗೊತ್ತಿರುವುದು ಬಹುಪಾಲು ನಿಮಗೂ ಗೊತ್ತಿರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಇದನ್ನೇ ಅಳೆದು 1973ರಲ್ಲಿ ಪ್ರಕಟಿಸಿದರು. ಬಾಸ್ಟನ್ ಬಳಿಯ ಒಂದು ಊರಿನಲ್ಲಿ ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಕೇಳಿದಾಗ, ಸುಳಿವು ಕೊಟ್ಟವರನ್ನು ಆಗಾಗ ಭೇಟಿಯಾಗುತ್ತಿದ್ದೆ ಎಂದವರು ಶೇ. 17ರಷ್ಟು ಮಾತ್ರ. ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದರು ಎಂದವರು ಶೇ. 56ರಷ್ಟು, ತೀರಾ ಅಪರೂಪಕ್ಕೆ ಸಿಗುತ್ತಿದ್ದರು ಎಂದವರು ಶೇ. 28ರಷ್ಟು. ದೂರದ ಪರಿಚಯದವರು ಬೇರೆ ಬಳಗದಲ್ಲಿ ಓಡಾಡುತ್ತಾರೆ, ಆದ್ದರಿಂದ ನಮ್ಮ ಬಳಗಕ್ಕೆ ಬರದ ಸುದ್ದಿ ಅವರಲ್ಲಿರುತ್ತದೆ.

ಕೊಡಗಿನಲ್ಲಿ ಆ ‘ದೂರದ ಪರಿಚಯ’ ಯಾರು? ವೃತ್ತಿಯ ಮೇಲೆ ಹತ್ತಾರು ತೋಟ, ಅಂಗಡಿ, ರೆಸಾರ್ಟುಗಳಿಗೆ ಹೋಗಿ ಬರುವವರು.

ಮೊದಲ ಸ್ಥಾನ ಆಡಿಟರ್ ಕಚೇರಿಗೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರದ ಆಡಿಟರುಗಳ ಬಳಿ ತೋಟ, ಹೋಮ್‌ಸ್ಟೇ, ಪೆಟ್ರೋಲ್ ಬಂಕ್, ಹಾರ್ಡ್‌ವೇರ್ ಅಂಗಡಿ ಎಲ್ಲದರ ಲೆಕ್ಕವೂ ಇರುತ್ತದೆ. ಯಾರ ಕಡೆ ಬಿಲ್ಲುಗಳು ತಿಂಗಳುಗಟ್ಟಲೆ ತಡವಾಗಿ ಬರುತ್ತಿವೆ ಎನ್ನುವುದು ಅವರಿಗೆ ಗೊತ್ತು. ಬಿಲ್ಲು ತಡವಾಗುತ್ತಿದೆ ಅಂದರೆ ಅಲ್ಲಿ ಲೆಕ್ಕ ಬರೆಯುವವರಿಲ್ಲ ಎಂದೇ ಅರ್ಥ. ಆದರೆ ಹೋಗುವ ದಿನ ನೋಡಿಕೊಳ್ಳಿ. ಜಿಎಸ್‌ಟಿಯ ತಿಂಗಳ ರಿಟರ್ನುಗಳಲ್ಲಿ ಜಿಎಸ್‌ಟಿಆರ್-1 ಸಲ್ಲಿಸಲು ಸಾಮಾನ್ಯವಾಗಿ ತಿಂಗಳ 11, ಜಿಎಸ್‌ಟಿಆರ್-3ಬಿಗೆ 20 ಕೊನೆಯ ದಿನ. ಈ ಎರಡರ ಹಿಂದಿನ ಎರಡು ಮೂರು ದಿನ ಆ ಕಚೇರಿಯಲ್ಲಿ ಯಾರಿಗೂ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಜುಲೈ ಮತ್ತು ಸೆಪ್ಟೆಂಬರ್ ಕೊನೆಯ ವಾರಗಳೂ ಬೇಡ. ತಿಂಗಳ 22ರಿಂದ 28ರ ನಡುವೆ, ಮಧ್ಯಾಹ್ನ ಊಟ ಆದ ಮೇಲೆ ಹೋದರೆ ಹತ್ತು ನಿಮಿಷ ಕೂರಿಸಿ ಮಾತಾಡುತ್ತಾರೆ.

ಎರಡನೆಯದು ಗೊಬ್ಬರ ಮತ್ತು ಔಷಧಿ ಅಂಗಡಿ, ಅದರ ಪಕ್ಕದಲ್ಲೇ ಸ್ಪ್ರೇಯರ್, ಮೋಟಾರ್, ಕಳೆ ಕೊಚ್ಚುವ ಯಂತ್ರ ರಿಪೇರಿ ಮಾಡುವ ಅಂಗಡಿ. ತೋಟದ ಮ್ಯಾನೇಜರುಗಳು, ರೈಟರುಗಳು ವಾರಕ್ಕೊಮ್ಮೆಯಾದರೂ ಇಲ್ಲಿಗೆ ಬರುತ್ತಾರೆ. ಮೂರನೆಯದು ಕಾಫಿ, ಕರಿಮೆಣಸು ಖರೀದಿ ಮಾಡುವವರು. ಇವರ ಪಿಕಪ್ ಗಾಡಿ ಸೀಸನ್‌ನಲ್ಲಿ ದಿನಕ್ಕೆ ಮೂರು ನಾಲ್ಕು ತೋಟದ ಕಣಕ್ಕೆ ಹೋಗುತ್ತದೆ. ರೆಸಾರ್ಟ್ ಕೆಲಸಕ್ಕಾದರೆ ತರಕಾರಿ, ಮೀನು, ಕೋಳಿ ಸರಬರಾಜು ಮಾಡುವವರು, ಲಾಂಡ್ರಿಯವರು, ಟ್ಯಾಕ್ಸಿ ಚಾಲಕರು. ಅಡುಗೆಮನೆಯಲ್ಲಿ ಇಬ್ಬರು ಕಮಿ (ಕಿರಿಯ ಅಡುಗೆಯವರು) ಬಿಟ್ಟು ಹೋದದ್ದು ಜನರಲ್ ಮ್ಯಾನೇಜರ್ ಎಚ್‌ಆರ್‌ಗೆ ಹೇಳುವ ಮೊದಲೇ ಕೋಳಿ ಇಳಿಸುವವರಿಗೆ ತಿಳಿದಿರುತ್ತದೆ.

ಕಾಫಿ ಮಂಡಳಿಯ ವಿಸ್ತರಣಾ ಸಿಬ್ಬಂದಿ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದ ಸಾಂಬಾರ ಬೆಳೆ ಸಂಶೋಧನಾ ಕೇಂದ್ರ, ಪೊನ್ನಂಪೇಟೆಯ ಅರಣ್ಯ ಕಾಲೇಜು ಇವೂ ಇದೇ ಸಾಲಿನವು. ಇವುಗಳ ರೈತ ತರಬೇತಿ, ಕ್ಷೇತ್ರೋತ್ಸವಗಳಿಗೆ ಬರುವವರು ಹೊಸದನ್ನು ಮಾಡಲು ಹೊರಟ ಬೆಳೆಗಾರರು. ಕೃಷಿ, ತೋಟಗಾರಿಕೆ, ಅರಣ್ಯಶಾಸ್ತ್ರ ಓದಿದವರು ಇಂಥ ಒಂದು ಕಾರ್ಯಕ್ರಮದಲ್ಲಿ ಹಿಂದಿನ ಸಾಲಿನಲ್ಲಿ ಕೂತು ಎದ್ದುಬಂದರೆ ಏನೂ ಆಗುವುದಿಲ್ಲ. ಊಟದ ಹೊತ್ತಿನಲ್ಲಿ ಇಬ್ಬರು ಬೆಳೆಗಾರರ ಜೊತೆ ಅವರ ತೋಟದ ಬಗ್ಗೆ ಮಾತಾಡಿ ನಂಬರ್ ತೆಗೆದುಕೊಂಡು ಬಂದರೆ ಆ ದಿನ ಸಾರ್ಥಕ.

ಏಪ್ರಿಲ್, ಮೇ ತಿಂಗಳ ಮದುವೆಗಳು, ಕೊಡವ ಕುಟುಂಬಗಳ ಹಾಕಿ ಹಬ್ಬ (1997ರಲ್ಲಿ ಕರಡದಲ್ಲಿ ಶುರುವಾದದ್ದು) ಇವುಗಳಿಗೆ ಬೆಂಗಳೂರು, ಮೈಸೂರು, ಗಲ್ಫ್‌ನಲ್ಲಿರುವವರೂ ಊರಿಗೆ ಬರುತ್ತಾರೆ. ಅಲ್ಲಿ ಬಯೋಡೇಟಾ ಕೈಗೆ ಕೊಡಬೇಡಿ. ಮದುವೆ ಮನೆಯಲ್ಲಿ ಕೊಟ್ಟ ಕಾಗದ ಕಾರಿನ ಹಿಂದಿನ ಸೀಟಿನಲ್ಲೇ ಉಳಿಯುತ್ತದೆ. ‘ಮುಂದಿನ ವಾರ ಒಂದು ಫೋನ್ ಮಾಡಲಾ ಅಂಕಲ್’ ಎಂದು ಕೇಳಿ ಒಪ್ಪಿಗೆ ಪಡೆದುಕೊಂಡರೆ ಸಾಕು. ಒಪ್ಪಿಗೆ ಸಿಕ್ಕಿದ ಮೇಲೆ ಆ ಫೋನ್ ಮಾಡಲೇಬೇಕು, ಹೇಳಿದ ವಾರದಲ್ಲೇ.

ಯಾವ ಕೆಲಸಕ್ಕೆ ಯಾವ ತಿಂಗಳು

ಇಲ್ಲಿ ಎಡವುವವರೇ ಹೆಚ್ಚು. ಪರೀಕ್ಷೆ ಮುಗಿದು ಫಲಿತಾಂಶ ಬಂತು, ಇನ್ನು ಹುಡುಕೋಣ ಅಂತ ಜುಲೈನಲ್ಲಿ ಹೊರಡುತ್ತಾರೆ. ಜುಲೈ ಅಂದರೆ ಧೋ ಎಂದು ಮಳೆ, ತೋಟದಲ್ಲಿ ಜನ ಕಡಿಮೆ, ಶಾಲೆಗಳಲ್ಲಿ ನೇಮಕ ಮುಗಿದಿದೆ, ಆಡಿಟರ್ ಕಚೇರಿಯಲ್ಲಿ ರಿಟರ್ನ್ ಸಲ್ಲಿಸುವ ಗಡಿಬಿಡಿ. ಹೋದಲ್ಲೆಲ್ಲ ‘ಈಗ ಇಲ್ಲ’ ಎನ್ನುವ ಉತ್ತರ ಕೇಳಿ ಮನಸ್ಸು ಮುರಿದುಕೊಳ್ಳುತ್ತಾರೆ. ‘ಈಗ’ ಎನ್ನುವ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ತೋಟದ ಕೆಲಸದ ವರ್ಷ ಕಾಫಿ ಕುಯ್ಲಿನ ಮೇಲೆ ನಿಂತಿದೆ. ಅರೇಬಿಕಾ ನವೆಂಬರ್‌ನಿಂದ ಜನವರಿ, ರೋಬಸ್ಟಾ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ, ಅದರ ಬೆನ್ನಿಗೇ ಕರಿಮೆಣಸು. ಕುಯ್ಲಿನ ಸಮಯದಲ್ಲಿ ಕೂಲಿಯವರ ಸಂಖ್ಯೆ ಎರಡು ಮೂರು ಪಟ್ಟಾಗುತ್ತದೆ, ಪ್ರತಿಯೊಬ್ಬರು ಕುಯ್ದ ಹಣ್ಣಿನ ತೂಕ ಬರೆಯಬೇಕು, ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಮತ್ತು ಕಣದ ಲೆಕ್ಕ ಇಡಬೇಕು. ಇದಕ್ಕೆ ಬೇಕಾದ ರೈಟರ್, ಸೂಪರ್‌ವೈಸರ್, ತಾತ್ಕಾಲಿಕ ಸಹಾಯಕರನ್ನು ಸೆಪ್ಟೆಂಬರ್ ಕೊನೆಯಿಂದ ಪುತ್ತರಿ ಸುಗ್ಗಿ ಹಬ್ಬದ ಒಳಗೆ ನೋಡಿಟ್ಟುಕೊಳ್ಳುತ್ತಾರೆ. ಜನವರಿಯಲ್ಲಿ ಹೋದರೆ ಕೆಲಸ ಇರುತ್ತದೆ, ಹೇಳಿಕೊಡಲು ಯಾರಿಗೂ ಸಮಯ ಇರುವುದಿಲ್ಲ. ಹೊಸಬರಿಗೆ ಅಕ್ಟೋಬರೇ ಸರಿ. ಕೂಡ್ಲೂರು ಕೈಗಾರಿಕಾ ಪ್ರದೇಶ, ಕೂಡಿಗೆ ಕಡೆಯ ಕ್ಯೂರಿಂಗ್ ವರ್ಕ್ಸ್‌ಗಳಿಗೆ (ಕಾಫಿ ಬೀಜ ಸಂಸ್ಕರಿಸುವ ಕಾರ್ಖಾನೆ) ಕಾಫಿ ಬರಲು ಶುರುವಾಗುವುದು ಅದರ ನಂತರ. ಗೋದಾಮು, ತೂಕ, ಗುಣಮಟ್ಟ ಪರೀಕ್ಷೆ, ಕಂಪ್ಯೂಟರ್ ಎಂಟ್ರಿ ಇವುಗಳಿಗೆ ನವೆಂಬರ್, ಡಿಸೆಂಬರ್‌ನಲ್ಲಿ ವಿಚಾರಿಸಬೇಕು.

ರೆಸಾರ್ಟ್, ಹೋಟೆಲು, ಹೋಮ್‌ಸ್ಟೇಗಳಿಗೆ ಮೂರು ದೊಡ್ಡ ಅಲೆ: ದಸರಾ ರಜೆ, ಕ್ರಿಸ್‌ಮಸ್ ಮತ್ತು ಹೊಸ ವರ್ಷ, ಏಪ್ರಿಲ್ ಮೇ. ಅಲೆ ಬರುವ ಆರೇಳು ವಾರ ಮೊದಲು ಜನ ತೆಗೆದುಕೊಳ್ಳುತ್ತಾರೆ, ಏಕೆಂದರೆ ಫ್ರಂಟ್ ಆಫೀಸ್, ಹೌಸ್‌ಕೀಪಿಂಗ್ ಹುಡುಗರು ಕೈಗೆ ಬರಲು ಅಷ್ಟು ಸಮಯ ಬೇಕು. ಹಾಗಾದರೆ ಆಗಸ್ಟ್, ನವೆಂಬರ್ ಮೊದಲ ಭಾಗ ಮತ್ತು ಫೆಬ್ರವರಿ ಕೊನೆ ನಿಮ್ಮ ಸಮಯ. ಹೊಸ ವರ್ಷ ಮುಗಿದ ಕೂಡಲೇ ಬಹಳಷ್ಟು ಸಿಬ್ಬಂದಿ ಬೇರೆ ಕಡೆ ಹಾರುತ್ತಾರೆ. ಜನವರಿ ಎರಡನೇ ವಾರದಲ್ಲಿ ಹೋದರೂ ಖಾಲಿ ಇರುವ ಸಾಧ್ಯತೆ ಹೆಚ್ಚು.

ಖಾಸಗಿ ಶಾಲೆಗಳು ಫೆಬ್ರವರಿಯಿಂದ ಏಪ್ರಿಲ್ ಒಳಗೆ ನೇಮಕ ಮುಗಿಸುತ್ತವೆ. ಆದರೆ ಮದುವೆ, ಹೆರಿಗೆ, ಸರ್ಕಾರಿ ಕೆಲಸ ಸಿಕ್ಕಿದ್ದು ಎಂದು ಮಧ್ಯದಲ್ಲಿ ಬಿಡುವ ಟೀಚರುಗಳು ಪ್ರತಿ ವರ್ಷ ಇರುತ್ತಾರೆ, ದಸರಾ ರಜೆಗೆ ಸ್ವಲ್ಪ ಮೊದಲು ಮತ್ತೊಮ್ಮೆ ವಿಚಾರಿಸುವುದು ಒಳ್ಳೆಯದು. ಅಂಗಡಿ, ಶೋರೂಂ, ಗ್ಯಾರೇಜುಗಳಿಗೆ ಸೀಸನ್ ಅಂತೇನೂ ಇಲ್ಲ. ಕಾಫಿ ಹಣ ಕೈಗೆ ಬರುವ ಫೆಬ್ರವರಿ, ಮಾರ್ಚ್‌ನಲ್ಲಿ ವಾಹನ ಮತ್ತು ಕಟ್ಟಡ ಸಾಮಗ್ರಿ ವ್ಯಾಪಾರ ಏರುತ್ತದೆ ಎನ್ನುವುದು ನೆನಪಿರಲಿ.

ಹೊತ್ತುಕೊಂಡು ಹೋಗಬಹುದಾದ ಒಂದು ಸಾಲು

‘ಏನಾದರೂ ಕೆಲಸ ಇದ್ದರೆ ಹೇಳಿ ಅಣ್ಣ.’ ಕೆಲಸ ಹುಡುಕುವವರ ಬಾಯಿಂದ ಹೆಚ್ಚಾಗಿ ಬರುವ ಮಾತು ಇದೇ, ಕೆಲಸಕ್ಕೆ ಬಾರದ ಮಾತೂ ಇದೇ. ಕೇಳಿಸಿಕೊಂಡವರು ಖಂಡಿತ ಹೇಳುತ್ತೇನೆ ಅನ್ನುತ್ತಾರೆ, ಮನಸ್ಸಿನಿಂದಲೇ ಅನ್ನುತ್ತಾರೆ. ನಾಳೆ ಯಾರಾದರೂ ‘ಒಬ್ಬ ಒಳ್ಳೆ ರೈಟರ್ ಬೇಕಿತ್ತು’ ಎಂದಾಗ ಅವರಿಗೆ ನಿಮ್ಮ ನೆನಪೇ ಬರುವುದಿಲ್ಲ, ಏಕೆಂದರೆ ನೀವು ‘ರೈಟರ್’ ಎಂದು ಅವರ ತಲೆಯಲ್ಲಿ ಕೂತಿಲ್ಲ.

ಹೇಳಬೇಕಾದ ಸಾಲಿನಲ್ಲಿ ನಾಲ್ಕು ವಿಷಯ ಇರಲಿ: ಯಾವ ಕೆಲಸ, ಅದರಲ್ಲಿ ಏನು ಬರುತ್ತದೆ, ಯಾವ ಕಡೆ, ಯಾವಾಗಿನಿಂದ. ‘ನಾನು ಬಿ.ಕಾಂ. ಮುಗಿಸಿದ್ದೇನೆ, ಟ್ಯಾಲಿ ಮತ್ತು ಜಿಎಸ್‌ಟಿ ಎಂಟ್ರಿ ಮಾಡುತ್ತೇನೆ, ಅಮ್ಮತ್ತಿ ಸಿದ್ದಾಪುರ ಕಡೆ ತೋಟದ ಆಫೀಸಿನಲ್ಲಿ ಲೆಕ್ಕದ ಕೆಲಸ ನೋಡುತ್ತಿದ್ದೇನೆ, ಮುಂದಿನ ತಿಂಗಳಿನಿಂದಲೇ ಬರಬಹುದು.’ ಇದನ್ನು ಕೇಳಿದವರು ಇನ್ನೊಬ್ಬರಿಗೆ ಹಾಗೆಯೇ ಹೇಳಬಹುದು. ಎರಡು ಮೂರು ಬಗೆಯ ಕೆಲಸಕ್ಕೆ ನೀವು ಸಿದ್ಧರಿರಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ಒಬ್ಬರಿಗೆ ಒಂದನ್ನು ಮಾತ್ರ ಹೇಳಿ. ಗೊಬ್ಬರದ ಅಂಗಡಿಯಲ್ಲಿ ತೋಟದ ಕೆಲಸ, ಟ್ಯಾಕ್ಸಿ ಚಾಲಕರ ಬಳಿ ರೆಸಾರ್ಟ್ ಕೆಲಸ.

ಅದೇ ಸಾಲನ್ನು ವಾಟ್ಸ್ಆ್ಯಪ್‌ನಲ್ಲೂ ಕಳಿಸಿ, ಮಾತಾಡಿದ ದಿನವೇ. ಫಾರ್ವರ್ಡ್ ಮಾಡಲು ಬರುವ ಹಾಗೆ, ಅವರ ಹೆಸರು ಅದರಲ್ಲಿ ಇರಬಾರದು. ಐದು ಸಾಲು ಮೀರಬಾರದು, ನಿಮ್ಮ ನಂಬರ್ ಕೊನೆಯ ಸಾಲಿನಲ್ಲೇ ಟೈಪ್ ಮಾಡಿರಬೇಕು. ಮೆಸೇಜ್ ನಾಲ್ಕು ಕೈ ದಾಟಿದ ಮೇಲೆ ಮೂಲದ ನಂಬರ್ ಯಾರದೆಂದು ಗೊತ್ತಾಗುವುದಿಲ್ಲ.

ಫೋನಿನಲ್ಲಿ ಮಾಲೀಕರ ಜೊತೆ ಮಾತಾಡುವಾಗ ನಂಬರ್ ಕೊಟ್ಟವರ ಹೆಸರು ಮೊದಲ ವಾಕ್ಯದಲ್ಲೇ ಬರಲಿ. ಅವರನ್ನು ಮೊದಲೇ ಕೇಳಿ ಒಪ್ಪಿಸಿಕೊಂಡಿರಬೇಕು, ಅದು ಹೇಳಬೇಕಾಗಿಲ್ಲ. ‘ನಮಸ್ಕಾರ ಸರ್, ಮೂರ್ನಾಡಿನಿಂದ ಮಾತಾಡ್ತಾ ಇದ್ದೇನೆ. ಪಾಲಿಬೆಟ್ಟದ ಮೆಕ್ಯಾನಿಕ್ ಅಣ್ಣ ನಿಮ್ಮ ನಂಬರ್ ಕೊಟ್ಟರು. ಎರಡು ನಿಮಿಷ ಮಾತಾಡಬಹುದಾ, ಇಲ್ಲ ಸಂಜೆ ಮಾಡಲಾ?’ ಆಮೇಲೆ ‘ಕೆಲಸ ಖಾಲಿ ಇದೆಯಾ’ ಎಂದು ಕೇಳಿದರೆ ‘ಇಲ್ಲಪ್ಪ’ ಎಂಬ ಒಂದು ಪದದಲ್ಲಿ ಮಾತು ಮುಗಿಯುತ್ತದೆ. ಬದಲಿಗೆ ಹೀಗೆ ಕೇಳಿ: ‘ಈ ಸೀಸನ್‌ಗೆ ಚೆಕ್ ರೋಲ್ ಬರೆಯೋದಕ್ಕೆ, ಕಣದ ಲೆಕ್ಕಕ್ಕೆ ನಿಮ್ಮಲ್ಲಿ ಜನ ಬೇಕಾಗಬಹುದಾ? ಯಾವಾಗ ನಿರ್ಧಾರ ಮಾಡ್ತೀರಿ?’ (ಚೆಕ್ ರೋಲ್ ಅಂದರೆ ಆಳುಗಳ ಹಾಜರಿ ಮತ್ತು ಕೂಲಿಯ ಪುಸ್ತಕ.) ಬೇಡ ಎಂದರೆ, ‘ಸರಿ ಸರ್. ನಿಮ್ಮ ಅಕ್ಕಪಕ್ಕದಲ್ಲಿ ಹುಡುಕುತ್ತಾ ಇರೋರು ಯಾರಾದರೂ ಇದ್ದರೆ ನಿಮ್ಮ ಹೆಸರು ಹೇಳಿ ಫೋನ್ ಮಾಡಬಹುದಾ?’ ಈ ಕೊನೆಯ ಪ್ರಶ್ನೆಯಿಂದಲೇ ಪಟ್ಟಿ ಬೆಳೆಯುವುದು.

ಮಾಲೀಕರಿಗೆ ಫೋನ್ ಮಾಡುವ ಹೊತ್ತೂ ಮುಖ್ಯ. ತೋಟದಲ್ಲಿ ಬೆಳಿಗ್ಗೆ ಏಳರಿಂದ ಎಂಟೂವರೆ ಆಳುಗಳಿಗೆ ಕೆಲಸ ಹಂಚುವ ಸಮಯ, ಆಗ ಬೇಡ. ವಾರದ ಕೂಲಿ ಬಟವಾಡೆಯ ದಿನವೂ ಬೇಡ. ಸಂಜೆ ಐದೂವರೆಯಿಂದ ಏಳರ ನಡುವೆ ಒಳ್ಳೆಯದು. ರೆಸಾರ್ಟಿಗೆ ಹೋಗುವುದಾದರೆ ಮಂಗಳವಾರದಿಂದ ಗುರುವಾರ, ಮಧ್ಯಾಹ್ನ ಮೂರರಿಂದ ಐದು. ಹನ್ನೊಂದಕ್ಕೆ ಚೆಕ್‌ಔಟ್ ಗಲಾಟೆ, ಒಂದಕ್ಕೆ ಚೆಕ್‌ಇನ್ ಗಲಾಟೆ, ಶುಕ್ರವಾರದಿಂದ ಭಾನುವಾರ ಮಾತೇ ಬೇಡ. ಶಾಲೆಯಲ್ಲಿ ಪ್ರಿನ್ಸಿಪಾಲರು ಸಿಗುವುದು ಮಕ್ಕಳು ಬಸ್ ಹತ್ತಿದ ಮೇಲೆ.

ಓಡಾಟವನ್ನು ಬಸ್ಸಿನ ಹಾದಿಗೆ ಹೊಂದಿಸಿಕೊಳ್ಳಿ. ಒಂದು ದಿನ ಕುಶಾಲನಗರ, ಕೂಡ್ಲೂರು, ಕೂಡಿಗೆ. ಇನ್ನೊಂದು ದಿನ ಸಿದ್ದಾಪುರ, ಅಮ್ಮತ್ತಿ, ವಿರಾಜಪೇಟೆ. ಮತ್ತೊಂದು ದಿನ ಗೋಣಿಕೊಪ್ಪ, ಪೊನ್ನಂಪೇಟೆ. ಬೆಟ್ಟದ ರಸ್ತೆಯಲ್ಲಿ ಮೂವತ್ತು ಕಿಲೋಮೀಟರಿಗೆ ಒಂದು ಗಂಟೆ ಹೋಗುತ್ತದೆ. ದಿನಕ್ಕೆ ನಾಲ್ಕು ಕಡೆ ಹೋಗುವುದು ಆರಾಮ, ಆರು ಕಡೆ ಅಂದರೆ ಯಾರ ಹತ್ತಿರವೂ ಸರಿಯಾಗಿ ಮಾತಾಡಲಾಗುವುದಿಲ್ಲ.

ಬಯೋಡೇಟಾಕ್ಕಿಂತ ಮುಂದೆ ಹೋಗುವ ಒಂದು ಹಾಳೆ

ಬಯೋಡೇಟಾ ಒಂದೇ ಪುಟ. ತಂದೆಯ ಹೆಸರು, ಜಾತಿ, ಹವ್ಯಾಸ, ‘ಮೇಲಿನ ಮಾಹಿತಿ ಸತ್ಯ’ ಎಂಬ ಘೋಷಣೆ ಇವು ಜಾಗ ತಿನ್ನುತ್ತವೆ, ತೆಗೆದುಹಾಕಿ. ಮೇಲ್ಭಾಗದ ಮೂರು ಸಾಲಿನಲ್ಲಿ ಏನು ಕೆಲಸ ಬರುತ್ತದೆ ಎನ್ನುವುದು ಇರಲಿ. ಬೈಕ್, ಜೀಪ್ ಓಡಿಸುವ ಲೈಸೆನ್ಸ್ ಇದ್ದರೆ ಅದೂ ಮೇಲೆಯೇ ಇರಲಿ, ತೋಟದವರಿಗೂ ಹೋಮ್‌ಸ್ಟೇಯವರಿಗೂ ಅದು ಪದವಿಯಷ್ಟೇ ಮುಖ್ಯ. ಭಾಷೆಗಳನ್ನೂ ಬರೆಯಿರಿ: ಕನ್ನಡ, ಕೊಡವ, ಅರೆಭಾಷೆ, ಮಲಯಾಳಂ, ತಮಿಳು, ಹಿಂದಿ. ಇವತ್ತು ಅಸ್ಸಾಂ ಮತ್ತಿತರ ಈಶಾನ್ಯ, ಉತ್ತರದ ರಾಜ್ಯಗಳಿಂದ ಬಂದ ಕಾರ್ಮಿಕರು ತೋಟಗಳಲ್ಲಿ ಬಹಳ ಇದ್ದಾರೆ. ಹಿಂದಿ ಮಾತಾಡಬಲ್ಲ ರೈಟರಿಗೆ ಬೇಡಿಕೆ ಇದೆ.

ಕೆಳಗೆ ಎರಡು ಫೋನ್ ನಂಬರ್, ಬೇರೆ ಬೇರೆ ನೆಟ್‌ವರ್ಕಿನವು. ಇದನ್ನು ಸಣ್ಣ ವಿಷಯ ಎಂದುಕೊಳ್ಳಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಕೆಲವು ಗಂಟೆಗೆ ಟವರೂ ಮಲಗುವ ಊರುಗಳು ನಮ್ಮಲ್ಲಿ ಎಷ್ಟೋ ಇವೆ. ಕೆಲಸ ಕೊಡುವವರು ಒಮ್ಮೆ ಮಾಡುತ್ತಾರೆ, ‘ಸಂಪರ್ಕದಲ್ಲಿಲ್ಲ’ ಎಂದು ಬಂದರೆ ಮುಂದಿನವರಿಗೆ ಮಾಡುತ್ತಾರೆ. ಎರಡನೇ ನಂಬರ್ ಮನೆಯ ಬೇರೆಯವರದಾದರೆ, ಹೀಗೆ ಫೋನ್ ಬರಬಹುದು, ಬಂದರೆ ಹೆಸರು ಮತ್ತು ನಂಬರ್ ಬರೆದಿಡಿ ಎಂದು ಅವರಿಗೆ ಹೇಳಿಟ್ಟಿರಬೇಕು.

ಇನ್ನು ಆ ಒಂದು ಹಾಳೆ. ಕೈಗೆ ಅನುಭವದ ಪತ್ರ ಇಲ್ಲದ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಬೇರೆ ಇಲ್ಲ. ಮಾಡುವ ಕೆಲಸದ ಮಾದರಿಯನ್ನೇ ಮಾಡಿ ತೆಗೆದುಕೊಂಡು ಹೋಗುವುದು. ರೈಟರ್ ಕೆಲಸಕ್ಕಾದರೆ ಎಕ್ಸೆಲ್‌ನಲ್ಲಿ ಒಂದು ವಾರದ ಚೆಕ್ ರೋಲ್ ತಯಾರಿಸಿ. ಎಡಕ್ಕೆ ಹತ್ತು ಕಲ್ಪಿತ ಹೆಸರು, ಮೇಲೆ ಸೋಮವಾರದಿಂದ ಶನಿವಾರ. ಒಬ್ಬೊಬ್ಬರಿಗೆ ದಿನಕ್ಕೆ ಎರಡು ಕಾಲಂ: ಕೆಲಸದ ಬ್ಲಾಕ್ (ತೋಟದ ಯಾವ ಭಾಗ), ಕುಯ್ದ ಹಣ್ಣು ಎಷ್ಟು ಕೆ.ಜಿ. ಬಲಗಡೆ ವಾರದ ಒಟ್ಟು ತೂಕ, ಕೆ.ಜಿ.ಗೆ ದರ, ಬರಬೇಕಾದ ಕೂಲಿ, ಮುಂಗಡ ಕಡಿತ, ಕೈಗೆ ಕೊಡುವ ಮೊತ್ತ, ಸಹಿಗೆ ಜಾಗ. ಕೆಳಗೆ ಬ್ಲಾಕ್‌ವಾರು ಮೊತ್ತ ತಾನಾಗಿ ಕೂಡುವ ಹಾಗೆ ಫಾರ್ಮುಲಾ. ತೂಕದ ಒಟ್ಟು ಮೊತ್ತ ಎರಡು ದಾರಿಯಲ್ಲಿ, ಅಂದರೆ ಆಳುಗಳ ಪ್ರಕಾರ ಮತ್ತು ಬ್ಲಾಕಿನ ಪ್ರಕಾರ ಕೂಡಿದಾಗ ಒಂದೇ ಬರಬೇಕು. ಬರದಿದ್ದರೆ ಆ ಚೌಕ ಕೆಂಪಾಗುವಂತೆ ಇಟ್ಟರೆ ಮ್ಯಾನೇಜರಿಗೆ ಹೇಳದೆಯೇ ಅರ್ಥವಾಗುತ್ತದೆ, ಈ ವ್ಯಕ್ತಿಗೆ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದು ಗೊತ್ತಿದೆ ಎಂದು. ಪ್ರಿಂಟ್ ಹಾಕಿ ಬಯೋಡೇಟಾದ ಹಿಂದೆ ಪಿನ್ ಮಾಡಿ.

ಕಾಫಿ ವ್ಯಾಪಾರಿಗಳ ಬಳಿ ಹೋಗುವವರು ಔಟ್‌ಟರ್ನ್ ಲೆಕ್ಕ ಕಲಿತು ಹೋಗಬೇಕು. 50 ಕೆ.ಜಿ.ಯ ಒಂದು ಚೀಲ ಚೆರಿ (ಹಣ್ಣನ್ನು ಹಾಗೆಯೇ ಒಣಗಿಸಿದ) ಕಾಫಿಯನ್ನು ಸಿಪ್ಪೆ ತೆಗೆದಾಗ ಎಷ್ಟು ಕೆ.ಜಿ. ಬೀಜ ಸಿಗುತ್ತದೆ ಎನ್ನುವುದೇ ಔಟ್‌ಟರ್ನ್, ಚೆರಿಯ ದರ ಅದರ ಮೇಲೆ ನಿಲ್ಲುತ್ತದೆ. ಇದು ತಿಳಿಯದೆ ‘ನನಗೆ ಅಕೌಂಟ್ಸ್ ಬರುತ್ತದೆ’ ಎಂದರೆ ಮಾತು ಮುಂದೆ ಹೋಗುವುದಿಲ್ಲ. ಶಾಲೆಗೆ ಹೋಗುವವರು ಒಂದು ಪಾಠದ ಯೋಜನೆ, ಅಡುಗೆಯವರು ಇಪ್ಪತ್ತು ಜನರ ಊಟಕ್ಕೆ ಸಾಮಾನಿನ ಪಟ್ಟಿ ಮತ್ತು ಖರ್ಚು, ಫ್ರಂಟ್ ಆಫೀಸಿಗೆ ಹೋಗುವವರು ಅತಿಥಿಗಳಿಗೆ ಎರಡು ದಿನದ ತಿರುಗಾಟದ ನಕ್ಷೆ. ಹೀಗೆ ಪ್ರತಿ ಕೆಲಸಕ್ಕೂ ಒಂದು ಹಾಳೆ ಸಿಗುತ್ತದೆ. ಕಾಫಿ ಹುರಿಯುವುದು, ಕುದಿಸುವುದರಲ್ಲಿ ಆಸಕ್ತಿ ಇರುವವರಿಗೆ ಕಾಫಿ ಮಂಡಳಿಯ ‘ಕಾಪಿ ಶಾಸ್ತ್ರ’ ಎಂಬ ಚಿಕ್ಕ ತರಬೇತಿ ಇದೆ, ಅದರ ಪ್ರಮಾಣಪತ್ರಕ್ಕೆ ಕೆಫೆಗಳಲ್ಲಿ ಬೆಲೆ ಇದೆ.

ಒಂದು ವಾರ ಸುಮ್ಮನೆ ಬಂದು ಕೆಲಸ ಮಾಡಿ ತೋರಿಸಿ ಎಂದು ಕೇಳಿದರೆ, ದಿನಗೂಲಿ ಲೆಕ್ಕದಲ್ಲಾದರೆ ಒಪ್ಪಿಕೊಳ್ಳಿ, ಸಂಬಳವಿಲ್ಲದೆ ಬೇಡ. ಅರ್ಧ ದಿನ ತೋರಿಸುವುದು ಪರೀಕ್ಷೆ. ಒಂದು ವಾರ ಅಂದರೆ ಅದು ದುಡಿಮೆ.

ನೋಟ್‌ಬುಕ್ ಇಲ್ಲದಿದ್ದರೆ ಎಲ್ಲವೂ ಕೈ ಜಾರುತ್ತದೆ

ನಲವತ್ತು ಹೆಸರಿನ ಪಟ್ಟಿಯಿಂದ ಶುರು ಮಾಡಿ. ಅರ್ಧ ಕೆಲಸ ಕೊಡಬಲ್ಲವರು, ಅರ್ಧ ಸುದ್ದಿ ತರಬಲ್ಲವರು. ವಾರಕ್ಕೆ ಹತ್ತು ಹೊಸ ಫೋನ್, ನಾಲ್ಕು ಭೇಟಿ. ಪೋರ್ಟಲ್ ನೋಡುವುದನ್ನು ಪೂರ್ತಿ ಬಿಡಬೇಕಿಲ್ಲ, ವಾರಕ್ಕೆ ಎರಡು ಸಲ ಅರ್ಧ ಗಂಟೆ ಸಾಕು.

ಒಂದು ಸಾಲಿಗೆ ಆರು ಕಾಲಂ: ಹೆಸರು ಮತ್ತು ನಂಬರ್, ಏನು ವ್ಯವಹಾರ, ಯಾರ ಮೂಲಕ ಪರಿಚಯ, ಮಾತಾಡಿದ ತಾರೀಕು, ಅವರು ಹೇಳಿದ್ದು ಅವರ ಮಾತಿನಲ್ಲೇ, ಮುಂದೆ ಯಾವಾಗ. ಐದನೆಯದನ್ನು ಯಾರೂ ಸರಿಯಾಗಿ ತುಂಬುವುದಿಲ್ಲ, ‘ಇಲ್ಲ’ ಎಂದು ಬರೆದು ಬಿಡುತ್ತಾರೆ. ‘ನೋಡೋಣ’ ಎಂದರೆ ಎರಡು ವಾರದ ಮೇಲೆ ಮತ್ತೊಂದು ಫೋನ್. ‘ಮಳೆ ಕಳೀಲಿ’ ಎಂದರೆ ಸೆಪ್ಟೆಂಬರ್ ಎಂದು ಬರೆದಿಡಿ. ‘ಮಗ ಬಂದ ಮೇಲೆ ಹೇಳ್ತೇನೆ’ ಎಂದರೆ ನಿರ್ಧಾರ ಮಾಡುವವರು ಮಗ, ಅವರು ಬೆಂಗಳೂರಿನಿಂದ ಯಾವ ವಾರ ಬರುತ್ತಾರೆ ಎಂದು ಕೇಳಿ. ಎರಡನೇ ಸಲ ಫೋನ್ ಮಾಡುವಾಗ ‘ಏನಾಯಿತು ಸರ್’ ಎನ್ನುವ ಬದಲು ಹೊಸದೇನಾದರೂ ಹೇಳಲು ಇರಲಿ: ಒಂದು ತರಬೇತಿ ಮುಗಿಸಿದ್ದು, ಲೈಸೆನ್ಸ್ ಬಂದದ್ದು. ಮೂರು ಸಲ ಉತ್ತರ ಬರದಿದ್ದರೆ ಆ ಸಾಲು ಬಿಡಿ, ಮುಂದಿನ ಸೀಸನ್‌ಗೆ ನೋಡಿದರಾಯಿತು.

ನೋಟಿಸ್ ಬೋರ್ಡು, ಪತ್ರಿಕೆ, ಕಚೇರಿ

ಇಲ್ಲಿ ಪರಿಚಯ ನಡೆಯುವುದಿಲ್ಲ, ತಾರೀಕು ನಡೆಯುತ್ತದೆ. ಮಡಿಕೇರಿಯಿಂದ 1957ರಿಂದ ಬರುತ್ತಿರುವ ‘ಶಕ್ತಿ’ ಪತ್ರಿಕೆಯಲ್ಲಿ ಸಹಕಾರ ಸಂಘಗಳು, ಶಾಲೆಗಳು, ಅಂಗಡಿಗಳ ಬೇಕಾಗಿದ್ದಾರೆ ಜಾಹೀರಾತು ಬರುತ್ತವೆ. ಮನೆಗೆ ತರಿಸದಿದ್ದರೆ ಗ್ರಂಥಾಲಯದಲ್ಲಿ ದಿನಾ ಹತ್ತು ನಿಮಿಷ ನೋಡಿ. ಸಹಕಾರ ಸಂಘದ ನೇಮಕಕ್ಕೆ ಅರ್ಜಿ ಸಲ್ಲಿಸಲು ಕೆಲವೇ ದಿನ ಕೊಟ್ಟಿರುತ್ತಾರೆ, ಭಾನುವಾರಕ್ಕೊಮ್ಮೆ ನೋಡಿದರೆ ತಪ್ಪಿಹೋಗುತ್ತದೆ. ಆರೋಗ್ಯ ಇಲಾಖೆ ಮತ್ತು ಜಿಲ್ಲಾ ಪಂಚಾಯಿತಿಯ ಗುತ್ತಿಗೆ ಹುದ್ದೆಗಳಿಗೆ ನೇರ ಸಂದರ್ಶನದ ಪ್ರಕಟಣೆ ಜಿಲ್ಲಾಡಳಿತದ ವೆಬ್‌ಸೈಟಿನ ನೇಮಕಾತಿ ವಿಭಾಗದಲ್ಲೂ ಕಚೇರಿಯ ಬೋರ್ಡಿನಲ್ಲೂ ಇರುತ್ತದೆ. ಮಡಿಕೇರಿಯ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಉದ್ಯೋಗ ಮೇಳ ಯಾವಾಗ ಎಂದು ಕೇಳಿಕೊಳ್ಳಿ. ಮೇಳಕ್ಕೆ ಬರುವ ಕಂಪನಿಗಳು ಹೆಚ್ಚಾಗಿ ಮೈಸೂರು, ಬೆಂಗಳೂರಿನವು, ಅದು ತಿಳಿದೇ ಹೋಗಬೇಕು. ಮಾಜಿ ಸೈನಿಕರು ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಐಟಿಐ, ಡಿಪ್ಲೊಮಾ ಮುಗಿಸಿದವರು ಅಪ್ರೆಂಟಿಸ್ ಆಗಿ ಸೇರುವುದನ್ನು ಕಡೆಗಣಿಸಬಾರದು: 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಸಂಸ್ಥೆಗಳು ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂದು ಕಾನೂನೇ ಇದೆ. ದೊಡ್ಡ ರೆಸಾರ್ಟಿಗೂ ಇದು ಅನ್ವಯಿಸುತ್ತದೆ, ಹೋಗಿ ಕೇಳುವವರೇ ಕಡಿಮೆ.

ಹೂಂ ಅನ್ನುವ ಮೊದಲು

ಹೊರಗುತ್ತಿಗೆ ಏಜೆನ್ಸಿಯವರು, ಮಧ್ಯವರ್ತಿಗಳು ನೋಂದಣಿ ಶುಲ್ಕ, ಯೂನಿಫಾರಂ ಠೇವಣಿ, ಮೊದಲ ತಿಂಗಳ ಸಂಬಳ ಎಂದು ಯಾವ ಹೆಸರಿನಲ್ಲಿ ಹಣ ಕೇಳಿದರೂ ಎದ್ದು ಬನ್ನಿ. ಅಂಕಪಟ್ಟಿಯ ಮೂಲ ಪ್ರತಿ ತೋರಿಸಿ, ಜೆರಾಕ್ಸ್ ಕೊಡಿ. ಮೂಲ ಪ್ರತಿ ಇಟ್ಟುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ. ಬಿಟ್ಟು ಹೋಗಬಾರದು ಎಂದು ಹಿಡಿದಿಡುವ ದಾರಿ ಅದು, ಆಮೇಲೆ ವಾಪಸು ಪಡೆಯಲು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ.

‘ಊಟ ವಸತಿ ಸೇರಿ’ ಎನ್ನುವ ಸಂಬಳವನ್ನು ಬಿಡಿಸಿ ಕೇಳಿ. ಕೋಣೆಯಲ್ಲಿ ಎಷ್ಟು ಮಂದಿ, ರಜೆಯ ದಿನ ಊಟ ಉಂಟೋ, ವಾರದ ರಜೆ ಯಾವತ್ತು, ಸೀಸನ್‌ನಲ್ಲಿ ರಜೆ ರದ್ದಾದರೆ ಅದಕ್ಕೆ ಪ್ರತಿಯಾಗಿ ಏನು, ರಾತ್ರಿ ಪಾಳಿ ಮುಗಿದ ಮೇಲೆ ವಾಹನ ಇದೆಯೇ. ಕೊಡಗಿನಲ್ಲಿ ಕೊನೆಯ ಬಸ್ ಬೇಗ ಹೋಗುತ್ತದೆ, ಕಾಡಂಚಿನ ರಸ್ತೆಯಲ್ಲಿ ಆನೆ ಇರುತ್ತದೆ. ಹುಡುಗಿಯರಿಗೂ ಹುಡುಗರಿಗೂ ಈ ಪ್ರಶ್ನೆ ಸಂಬಳದಷ್ಟೇ ದೊಡ್ಡದು. ತೋಟದಲ್ಲಾದರೆ ಕ್ವಾರ್ಟರ್ಸ್ ನೋಡದೆ ಒಪ್ಪಬೇಡಿ, ಮಳೆಗಾಲದಲ್ಲಿ ಸೋರುತ್ತದೆಯೇ ಎಂದು ಅಲ್ಲಿ ಈಗ ಇರುವವರನ್ನು ಕೇಳಿ.

ಸಣ್ಣ ತೋಟದವರು ನೇಮಕ ಪತ್ರ ಕೊಡುವ ಅಭ್ಯಾಸ ಕಡಿಮೆ. ಕೊಡಿ ಎಂದು ಹಟ ಹಿಡಿದರೆ ಕೆಲವರಿಗೆ ಬೇಸರವಾಗಬಹುದು. ಅದಕ್ಕೆ ಒಂದು ದಾರಿ: ಮಾತಾದ ಸಂಜೆ ವಾಟ್ಸ್ಆ್ಯಪ್‌ನಲ್ಲಿ ನೀವೇ ಬರೆದು ಕಳಿಸಿ. ‘ಸರ್, ಇವತ್ತು ಮಾತಾಡಿದ ಹಾಗೆ ಒಂದನೇ ತಾರೀಕಿನಿಂದ ಬರುತ್ತೇನೆ. ಸಂಬಳ ತಿಂಗಳಿಗೆ ಇಷ್ಟು, ಕ್ವಾರ್ಟರ್ಸ್ ಮತ್ತು ಕರೆಂಟ್ ತೋಟದ್ದು, ಭಾನುವಾರ ರಜೆ. ಸರಿ ಇದೆಯಲ್ಲ ಸರ್?’ ‘ಸರಿ’ ಎಂದು ಒಂದು ಉತ್ತರ ಬಂದರೆ ಅದೇ ದಾಖಲೆ.

20 ಅಥವಾ ಹೆಚ್ಚು ಮಂದಿ ಇರುವ ಕಡೆ ಪಿಎಫ್ ಇರಬೇಕು. ನಿಮ್ಮ ಸಂಬಳದಿಂದ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 12 ಕಡಿತವಾಗುತ್ತಿದ್ದರೆ ಅದು ಖಾತೆಗೆ ಸೇರುತ್ತಿದೆಯೇ ನೋಡುವುದು ನಿಮ್ಮ ಕೆಲಸ. ಮಾಲೀಕರು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಎರಡನೇ ತಿಂಗಳ ಕೊನೆಯಲ್ಲಿ ಕೇಂದ್ರ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು ನೋಡಿ. ಮೊದಲ ತಿಂಗಳದ್ದು ಬಂದಿರದಿದ್ದರೆ ಸಂಬಳದ ಚೀಟಿ ಹಿಡಿದುಕೊಂಡು ಅಕೌಂಟ್ಸ್‌ನವರನ್ನು ಅದೇ ವಾರ ಕೇಳಿ. ಆರು ತಿಂಗಳು ಬಿಟ್ಟು ಕೇಳಿದರೆ ಹಳೆಯದನ್ನು ಸರಿಪಡಿಸುವುದು ಕಷ್ಟ.